ಊರೂರಿನ ದೂತರಿಗೆ ವಂದಿಸಿದ ಗುರು: ಸಂತ ಪೀಟರ್ ಫೇಬರ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ನಮ್ಮ ಧರ್ಮಕೇಂದ್ರಕ್ಕಾಗಿ ದುಡಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಉಪದೇಶಿಗಳನ್ನೂ ಕೃತಜ್ಞತೆಯಿಂದ ಸ್ಮರಿಸಲಾಗಿದೆ. ಆದರೆ ನೂರು ವರ್ಷ ಇಲ್ಲಿ ಕಾವಲಿದ್ದ ಒಬ್ಬರ ಹೆಸರು ಯಾವ ದಾಖಲೆಪುಸ್ತಕದಲ್ಲಿಯೂ ಇಲ್ಲ. ಅವರು ವರ್ಗವಾಗಿ ಹೋಗಲಿಲ್ಲ, ಅವರಿಗೆ ಬೀಳ್ಕೊಡುಗೆಯ ಸಮಾರಂಭವೂ ನಡೆಯಲಿಲ್ಲ. ನಾವು ಹೇಳುತ್ತಿರುವುದು ನಮ್ಮ ಊರಿನ ಕಾವಲು ದೂತರನ್ನು ಕುರಿತು. ಊರಿಗೂ ಒಬ್ಬ ದೂತನುಂಟೇ ಎಂದು ಕೆಲವರು ಹುಬ್ಬೇರಿಸಬಹುದು. ಉಂಟೆಂದು ನಂಬಿ, ಕಾಲಿಟ್ಟ ಊರೂರಿನ ದೂತರಿಗೆ ವಂದನೆ ಸಲ್ಲಿಸುತ್ತ ಯೂರೋಪಿನ ಹಾದಿಗಳನ್ನು ಸವೆಸಿದ ಒಬ್ಬ ಗುರುವಿನ ಜೀವನವನ್ನು ಇಲ್ಲಿ ಅರಿಕೆ ಮಾಡಿಕೊಳ್ಳಲು ನಾವು ಬಯಸುತ್ತೇವೆ.

ಅವರು ಸಂತ ಪೀಟರ್ ಫೇಬರ್. ಅವರ ತಾಯ್ನುಡಿಯಲ್ಲಿ ಪಿಯೆರ್ ಫಾವ್ರ್. ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರನ್ನು ಅರಿಯದ ಕಥೋಲಿಕರು ನಮ್ಮಲ್ಲಿಲ್ಲ. ಡಿಸೆಂಬರ್ 3ರ ಹಬ್ಬಕ್ಕೆ ಹಳೆಯ ಗೋವೆಗೆ ಹೋಗಿಬಂದ ಕುಟುಂಬಗಳು ನಮ್ಮ ಸೀಮೆಯಲ್ಲಿಯೂ ಉಂಟು. ಆ ಕ್ಸೇವಿಯರರೊಡನೆ ಒಂದೇ ಕೋಣೆಯಲ್ಲಿ ವಾಸವಿದ್ದು ಓದಿದವರು ಫೇಬರ್. ಕ್ಸೇವಿಯರರು ಹುಟ್ಟಿದ್ದು 1506ರ ಏಪ್ರಿಲ್ 7ರಂದು. ಫೇಬರ್ ಹುಟ್ಟಿದ್ದು ಅದೇ ತಿಂಗಳ 13ರಂದು. ಒಬ್ಬರದು ನವಾರದ ಕೋಟೆಮನೆ, ಇನ್ನೊಬ್ಬರದು ಸವಾಯ್ ಸೀಮೆಯ ವಿಲ್ಲಾರೆ ಎಂಬ ಬೆಟ್ಟದೂರಿನ ಒಕ್ಕಲುಮನೆ.

ಫೇಬರ್ ಕುರಿ ಕಾಯುವ ಹುಡುಗನಾಗಿದ್ದರು. ಕಾಗಿನೆಲೆಯ ಸೀಮೆಯವರಿಗೆ ಈ ಮಾತು ಹತ್ತಿರದ್ದಾಗಿ ಕೇಳಿಸದಿರದು. ಅದೇ ಹದಿನಾರನೆಯ ಶತಮಾನದಲ್ಲಿ ಇಲ್ಲಿ ಕುರುಬರ ಮನೆತನದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದರು. ಎರಡು ಬಾಳುಗಳನ್ನು ತಕ್ಕಡಿಗಿಟ್ಟು ತೂಗುವುದು ನಮ್ಮ ಉದ್ದೇಶವಲ್ಲ. ಆ ಕಾಲವನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲೆಂದು ಇಷ್ಟನ್ನು ಹೇಳಿದೆವು.

ಹತ್ತು ವರ್ಷದ ಆ ಕುರಿಗಾಹಿಗೆ ಓದಬೇಕೆಂಬ ಹಂಬಲ ಹುಟ್ಟಿತು. ಮನೆಯವರು ಒಪ್ಪಲಿಲ್ಲ. ರಾತ್ರಿಯೆಲ್ಲ ಅತ್ತನಂತೆ. ಕೊನೆಗೆ ತಂದೆತಾಯಿ ಮಣಿದು ಶಾಲೆಗೆ ಕಳುಹಿಸಿದರು. ಹನ್ನೆರಡರ ಸುಮಾರಿಗೆ, ರಜೆಯಲ್ಲಿ ಮತ್ತೆ ಕುರಿ ಕಾಯುತ್ತಿದ್ದಾಗ, ಹೊಲದ ನಡುವೆ ನಿಂತು ಬಾಳೆಲ್ಲ ಬ್ರಹ್ಮಚರ್ಯವನ್ನು ಪಾಲಿಸುವೆನೆಂದು ದೇವರಿಗೆ ಮಾತು ಕೊಟ್ಟರು. 1525ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಸೇಂಟ್ ಬಾರ್ಬ್ ಕಾಲೇಜನ್ನು ಸೇರಿದರು. ಅಲ್ಲಿ ಕ್ಸೇವಿಯರರ ಸಹವಾಸ. 1529ರಲ್ಲಿ ಅವರಿಬ್ಬರ ನಡುವೆ ಮೂರನೆಯವರೊಬ್ಬರು ಬಂದರು. ಕುಂಟುಗಾಲಿನ, ಅವರಿಗಿಂತ ಬಹಳ ಹಿರಿಯರಾದ ವಿದ್ಯಾರ್ಥಿ. ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ ಅವರೇ ಆತ. ಅರಿಸ್ಟಾಟಲನ ಪಾಠವನ್ನು ಫೇಬರ್ ಇಗ್ನೇಷಿಯಸರಿಗೆ ಹೇಳಿಕೊಟ್ಟರು. ಪ್ರಾರ್ಥನೆಯ ಪಾಠವನ್ನು ಇಗ್ನೇಷಿಯಸ್ ಫೇಬರರಿಗೆ ಹೇಳಿಕೊಟ್ಟರು.

ಫೇಬರರಿಗೆ ಆ ಪಾಠ ಅತ್ಯಗತ್ಯವಾಗಿತ್ತು. ಅವರದು ತಳಮಳದ ಮನಸ್ಸು. ಮಾಡಿದ ಪಾಪನಿವೇದನೆ ಸರಿಯಾಯಿತೋ ಇಲ್ಲವೋ ಎಂಬ ಶಂಕೆ. ಕ್ಷಮೆ ದೊರೆತಿದೆಯೆಂದು ಗುರುಗಳು ಹೇಳಿದರೂ ಆರದ ಅಂಜಿಕೆ. ಬಾಳಿನ ದಾರಿಯ ವಿಷಯದಲ್ಲಿಯೂ ಹಾಗೆಯೇ. ಒಮ್ಮೆ ವೈದ್ಯನಾಗಬೇಕೆಂದೂ, ಒಮ್ಮೆ ವಕೀಲನಾಗಬೇಕೆಂದೂ, ಇನ್ನೊಮ್ಮೆ ಉಪಾಧ್ಯಾಯನಾಗಬೇಕೆಂದೂ, ಮತ್ತೊಮ್ಮೆ ಸನ್ಯಾಸಿಯಾಗಿ ಮಠ ಸೇರಬೇಕೆಂದೂ ತೂಗಾಡಿದ್ದನ್ನು ಅವರೇ ಮುಂದೆ ಬರೆದಿಟ್ಟರು. ಇಂಥವರು ಸಂತರಾದರೆಂಬುದು ನಮ್ಮಂಥವರಿಗೆ ಸಮಾಧಾನದ ಸಂಗತಿ. ಇಗ್ನೇಷಿಯಸ್ ಅವಸರಪಡಲಿಲ್ಲ. ನಾಲ್ಕು ವರ್ಷ ತಾಳ್ಮೆಯಿಂದ ನಡೆಸಿಕೊಂಡು ಬಂದು, 1534ರ ಕಡುಚಳಿಗಾಲದಲ್ಲಿ ಧ್ಯಾನಸಾಧನೆಗೆ ಕೂರಿಸಿದರು. ಸೇನ್ ನದಿ ಹೆಪ್ಪುಗಟ್ಟಿದ್ದ ಆ ದಿನಗಳಲ್ಲಿ ಫೇಬರ್ ಬೆಂಕಿಯನ್ನೂ ಕಾಯಿಸದೆ, ಉರಿಸಲೆಂದು ತಂದಿದ್ದ ಕಟ್ಟಿಗೆಯ ಮೇಲೆಯೇ ಮಲಗಿದರು. ಆ ವರ್ಷದ ಮೇ 30ರಂದು ಗುರುದೀಕ್ಷೆಯಾಯಿತು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಹಬ್ಬದ ದಿನ, ಮೋಂಮಾರ್ತ್ರ್ ಗುಡ್ಡದ ಪ್ರಾರ್ಥನಾಲಯದಲ್ಲಿ ಏಳು ಮಂದಿ ಸಂಗಡಿಗರು ವ್ರತ ತೊಟ್ಟಾಗ ಬಲಿಪೂಜೆಯನ್ನು ಅರ್ಪಿಸಿದವರು ಫೇಬರರೇ. ಅವರ ಹೊರತು ಆ ಏಳು ಜನರಲ್ಲಿ ಆಗ ಬೇರೆ ಗುರುಗಳಿರಲಿಲ್ಲ.

ಆಮೇಲೆ ಅವರ ಬಾಳೆಲ್ಲ ಪಯಣವೇ. ಪ್ಯಾರಿಸ್ಸಿನಿಂದ ವೆನಿಸ್ಸಿಗೆ ಚಳಿಗಾಲದಲ್ಲಿ ಕಾಲ್ನಡಿಗೆ. ಅಲ್ಲಿಂದ ರೋಮ್, ಪಾರ್ಮಾ. 1540ರಲ್ಲಿ ಜರ್ಮನಿಯ ವೋರ್ಮ್ಸ್, ಮರುವರ್ಷ ರೇಗೆನ್ಸ್‌ಬುರ್ಗ್. ಅಲ್ಲಿಂದ ಸವಾಯ್ ಮಾರ್ಗವಾಗಿ ಸ್ಪೇನ್. 1542ರಲ್ಲಿ ಮತ್ತೆ ಜರ್ಮನಿ. ಒಂದು ಊರಿನಲ್ಲಿ ಕೆಲಸ ಬೇರೂರುವಷ್ಟರಲ್ಲಿ ಇನ್ನೊಂದೂರಿಗೆ ಹೊರಡುವಂತೆ ಅಪ್ಪಣೆ ಬರುತ್ತಿತ್ತು. ದೇಹವೂ ಗಟ್ಟಿಮುಟ್ಟಾಗಿರಲಿಲ್ಲ, ಜ್ವರ ಪದೇ ಪದೇ ಕಾಡುತ್ತಿತ್ತು.

ಹೋದ ಕಡೆಯಲ್ಲೆಲ್ಲ ಸ್ವಾಗತ ಕಾದಿರುತ್ತಿತ್ತೆಂದೂ ಇಲ್ಲ. ಮಾರ್ಟಿನ್ ಲೂಥರರ ಸುಧಾರಣೆಯಿಂದ ಕ್ರೈಸ್ತ ಜಗತ್ತು ಇಬ್ಭಾಗವಾಗಿದ್ದ ಕಾಲವದು. ಒಂದೇ ಬೀದಿಯಲ್ಲಿ ಎರಡು ಪಂಗಡ, ಒಂದೇ ಮನೆಯಲ್ಲಿ ಎರಡು ಮಾತು. ಕಥೋಲಿಕ ಗುರುಗಳಲ್ಲಿ ಅನೇಕರ ನಡತೆಯೂ ಕೆಟ್ಟಿತ್ತೆಂಬುದನ್ನು ಫೇಬರ್ ಕಣ್ಣಾರೆ ಕಂಡು ನೊಂದರು. ಇಂಥ ಊರಿನ ಅಗಸೆಯ ಮುಂದೆ ಒಂಟಿಯಾಗಿ ನಿಂತ ಗುರುವಿಗೆ ಧೈರ್ಯ ಎಲ್ಲಿಂದ ಬರಬೇಕು?

ಫೇಬರ್ ಕಂಡುಕೊಂಡ ದಾರಿ ಸರಳವಾದದ್ದು. ಊರು ದೂರದಲ್ಲಿ ಕಾಣುತ್ತಲೇ ಅವರು ಆ ಊರನ್ನು ಕಾಯುವ ದೂತರಿಗೆ ನಮಸ್ಕರಿಸುತ್ತಿದ್ದರು. ಆ ಸೀಮೆಯ ಸಂತರನ್ನು ನೆನೆಯುತ್ತಿದ್ದರು. ತಾನು ಯಾರನ್ನು ಭೇಟಿಯಾಗಲಿದ್ದೇನೆಯೋ ಅವರ ಕಾವಲು ದೂತರನ್ನೂ ಮುಂಚಿತವಾಗಿ ಬೇಡಿಕೊಂಡು, ಆ ಮನುಷ್ಯನ ಹೃದಯದ ಬಾಗಿಲನ್ನು ಮೆಲ್ಲಗೆ ತೆರೆಯಿರೆಂದು ಕೇಳಿಕೊಳ್ಳುತ್ತಿದ್ದರು. ಹೊಸ ಮನೆಯಲ್ಲಿ ಬಿಡಾರ ಹೂಡಿದಾಗ ಕೋಣೆ ಕೋಣೆಗೂ ಹೋಗಿ ಪ್ರಾರ್ಥಿಸಿ, ಕೆಟ್ಟ ಶಕ್ತಿಗಳು ತೊಲಗಿ ಒಳ್ಳೆಯ ದೂತರು ಅಲ್ಲಿ ನೆಲೆಸಲೆಂದು ಬೇಡುತ್ತಿದ್ದರು. ಗೃಹಪ್ರವೇಶಕ್ಕೆ ಗುರುಗಳನ್ನು ಕರೆದು ಮನೆಯ ಮೂಲೆಮೂಲೆಗೂ ತೀರ್ಥ ಚಿಮುಕಿಸುವ ನಮ್ಮ ಜನರಿಗೆ ಇದು ವಿಚಿತ್ರವಾಗಿ ತೋರದು.

ಬೆಟ್ಟ, ಹೊಲ, ದ್ರಾಕ್ಷಿತೋಟಗಳ ನಡುವೆ ಹಾದುಹೋಗುವಾಗ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಬೆಳೆ ಹುಲುಸಾಗಲೆಂದು ಬೇಡುವುದು ಮಾತ್ರವಲ್ಲ, ಆ ಹೊಲದ ಒಡೆಯರ ಪರವಾಗಿ ತಾವೇ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಿದ್ದರು. ಕೊಟ್ಟವನಾರೆಂದು ಅರಿಯದ ಒಡೆಯರಿದ್ದರೆ ಅವರ ಪರವಾಗಿ ಕ್ಷಮೆ ಕೇಳುತ್ತಿದ್ದರು. ಗೋವಿನಜೋಳ, ಹತ್ತಿಯ ಹೊಲಗಳ ನಡುವಿನ ಹಾದಿಯಲ್ಲಿಯೂ, ಬ್ಯಾಡಗಿಯ ಕಡೆ ಮೆಣಸಿನಕಾಯಿ ಹರವಿದ ಕಣಗಳ ಮಗ್ಗುಲಲ್ಲಿಯೂ ಓಡಾಡುವ ನಮಗೆ ಧಾರಣೆಯ ಲೆಕ್ಕ ಹೊಳೆಯುವಷ್ಟು ಬೇಗ ಈ ಪ್ರಾರ್ಥನೆ ಹೊಳೆಯುವುದಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

1541ರ ಆ ಪಯಣದಲ್ಲಿ ಫ್ರಾನ್ಸಿನ ನೆಲದಲ್ಲಿ ಅವರೂ ಸಂಗಡಿಗರೂ ಸೆರೆಸಿಕ್ಕರು. ಏಳು ದಿನ ಬಂಧನ. ಬಿಡುಗಡೆಯಾಗುವ ಹೊತ್ತಿಗೆ, ಅವರನ್ನು ಹಿಡಿದಿಟ್ಟಿದ್ದ ದಳಪತಿಯೇ ಫೇಬರರ ಬಳಿ ಪಾಪನಿವೇದನೆ ಮಾಡಿಕೊಂಡಿದ್ದನು. ಇದನ್ನು ಅವರು ಪವಾಡವೆಂದು ಸಾರಲಿಲ್ಲ. ದೇವರ ಉಪಕಾರಗಳ ಎಣಿಕೆಯಲ್ಲಿ ಒಂದಾಗಿ ಗುರುತುಹಾಕಿದರು, ಅಷ್ಟೆ.

ಹಾಗೆ ಗುರುತುಹಾಕಿದ ಪುಸ್ತಕವೇ ಅವರ ಸ್ಮರಣಿಕೆ. ಕ್ಸೇವಿಯರರು ಗೋವೆಯ ನೆಲದಲ್ಲಿ ಕಾಲಿಟ್ಟದ್ದು 1542ರ ಮೇ 6ರಂದು. ಮರುತಿಂಗಳ 15ರಂದು ಫೇಬರ್ ಜರ್ಮನಿಯ ಸ್ಪೈಯರ್ ನಗರದಲ್ಲಿ ಕುಳಿತು ಈ ದಿನಚರಿಯನ್ನು ಬರೆಯಲಾರಂಭಿಸಿದರು. ಪ್ರಕಟಣೆಗೆಂದು ಬರೆದುದಲ್ಲವಾದ್ದರಿಂದ ಅದರಲ್ಲಿ ಅಲಂಕಾರವಿಲ್ಲ. ಬಂದ ಬೇಸರ, ಹೋದ ಬೇಸರ, ಬಲಿಪೂಜೆಯ ಹೊತ್ತಿನಲ್ಲಿ ಹೊಳೆದದ್ದು, ದೂತರನ್ನು ಬೇಡಿದ್ದು, ಎಲ್ಲ ಇದ್ದಂತೆಯೇ ಇವೆ. ಬಹುಕಾಲ ಅದು ಹಸ್ತಪ್ರತಿಯಾಗಿಯೇ ಉಳಿದಿತ್ತು.

ಇಲ್ಲಿ ಕಾವಲು ದೂತರ ವಿಷಯದಲ್ಲಿ ಧರ್ಮಸಭೆ ನಂಬುವುದೇನೆಂದು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ನಮ್ಮ ಹಿರಿಯರ ಬಾಯಲ್ಲಿ ಅವರು ಸಮ್ಮನಸ್ಸುಗಳು. ಮುರುಕು ಸೇತುವೆಯ ಮೇಲೆ ನಡೆಯುವ ಇಬ್ಬರು ಮಕ್ಕಳು, ಅವರ ಬೆನ್ನ ಹಿಂದೆ ಬಿಳಿಯ ರೆಕ್ಕೆ ಹರಡಿ ನಿಂತ ದೂತ. ಈ ಚಿತ್ರ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿತ್ತು. ಮಕ್ಕಳು ದೊಡ್ಡವರಾದರು, ಚಿತ್ರ ಅಟ್ಟ ಸೇರಿತು, ಅದರೊಡನೆ ನಂಬಿಕೆಯೂ ಅಟ್ಟ ಸೇರಿತೆಂದರೆ ತಪ್ಪಾಗಲಾರದು. ಆದರೆ ಇದು ಮಕ್ಕಳ ಕಥೆಯಲ್ಲ. ಈ ಚಿಕ್ಕವರ ದೂತರು ಸ್ವರ್ಗದಲ್ಲಿ ತಂದೆಯ ಮುಖವನ್ನು ಸದಾ ಕಾಣುತ್ತಾರೆಂದು ಪ್ರಭು ಯೇಸುವೇ ತಿಳಿಸಿದ್ದು ಸಂತ ಮತ್ತಾಯರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ತೊಬೀತನ ಗ್ರಂಥದಲ್ಲಿ ರಫಾಯೇಲ ದೂತನು ತಾನಾರೆಂದು ಹೇಳಿಕೊಳ್ಳದೆ ತರುಣ ಪ್ರಯಾಣಿಕನೊಡನೆ ದಾರಿಯುದ್ದಕ್ಕೂ ನಡೆಯುತ್ತಾನೆ; ಜೊತೆಗೆ ಒಂದು ನಾಯಿಯೂ ಇದೆ. ದಾನಿಯೇಲನ ಗ್ರಂಥದಲ್ಲಿ ನಾಡುಗಳನ್ನು ಕಾಯುವ ದೂತರ ಮಾತು ಬರುತ್ತದೆ. ಪ್ರತಿಯೊಬ್ಬ ಮನುಷ್ಯನಿಗೂ ಕಾವಲು ದೂತನುಂಟೆಂಬುದು ಧರ್ಮಸಭೆಯ ಸಾಮಾನ್ಯ ಬೋಧನೆ. ಊರಿಗೂ ನಾಡಿಗೂ ಉಂಟೆಂಬುದು ಅದರ ನೆರಳಿನಲ್ಲಿ ಬೆಳೆದ ಭಕ್ತರ ನಂಬಿಕೆ. ಕಾವಲು ದೂತರ ಹಬ್ಬವನ್ನು 1608ರಲ್ಲಿ ಜಗದ್ಗುರು ಐದನೆಯ ಪೌಲರು ಅನುಮತಿಸಿದರು. 1670ರಲ್ಲಿ ಹತ್ತನೆಯ ಕ್ಲೆಮೆಂಟರು ಅದನ್ನು ಅಕ್ಟೋಬರ್ 2ಕ್ಕೆ ಗೊತ್ತುಪಡಿಸಿ ಸಮಸ್ತ ಧರ್ಮಸಭೆಗೆ ವಿಧಿಸಿದರು. ತಮ್ಮ ದೂತರಿಗೆ ಇಷ್ಟಬಂದ ಹೆಸರಿಟ್ಟು ಕರೆಯುವ ಹೊಸ ಹವ್ಯಾಸವೊಂದು ಅಲ್ಲಲ್ಲಿ ಕಾಣುತ್ತಿದೆ. ಮಿಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಪವಿತ್ರ ಗ್ರಂಥದ ಮೂರು ಹೆಸರುಗಳ ಹೊರತು ಬೇರೆ ಹೆಸರಿಡುವುದನ್ನು ಧರ್ಮಸಭೆ ಮೆಚ್ಚುವುದಿಲ್ಲ.

ನಮಗೆ ಇನ್ನೂ ಮುಖ್ಯವಾಗಿ ತೋರುವ ಮಾತು ಬೇರೊಂದಿದೆ. ಹದಿಮೂರನೆಯ ಶತಮಾನದ ಮಹಾ ಪಂಡಿತರಾದ ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ವಿಚಾರಕ್ಕೆತ್ತಿಕೊಂಡು, ಕಾವಲು ದೂತನು ದೀಕ್ಷಾಸ್ನಾನದ ದಿನ ಬರುವವನಲ್ಲ, ಮನುಷ್ಯ ಹುಟ್ಟಿದಂದಿನಿಂದಲೇ ಜೊತೆಗಿರುವವನೆಂದು ತೀರ್ಮಾನಿಸಿದರು. ವಿಶ್ವಾಸವಿಲ್ಲದವರೂ ಈ ಕಾವಲಿನಿಂದ ವಂಚಿತರಲ್ಲ ಎಂದರು. ಅಂದರೆ ದೂತನು ನಮ್ಮ ಪಂಗಡದ ಪಹರೆಯವನಲ್ಲ. ಎದುರು ಮನೆಯವರಿಗೂ, ನಮ್ಮೊಡನೆ ಮಾತುಬಿಟ್ಟವರಿಗೂ, ಕೋರ್ಟಿನಲ್ಲಿ ನಮಗೆ ಎದುರಾಳಿಯಾಗಿ ನಿಂತವರಿಗೂ ದೂತನಿದ್ದಾನೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಈ ಸೀಮೆಯಲ್ಲಿ ಕಥೋಲಿಕರಾದ ನಾವು ಬೆರಳೆಣಿಕೆಯವರು. ನಮ್ಮ ಸುತ್ತಲಿನ ಸಾವಿರಾರು ಮನೆಗಳನ್ನು ದೇವರು ಕಾವಲಿಲ್ಲದೆ ಬಿಟ್ಟಿದ್ದಾನೆಂದು ನಾವು ಎಂದಾದರೂ ಮನಸ್ಸಿನೊಳಗೆ ಎಣಿಸಿದ್ದರೆ, ಫೇಬರ್ ಅದನ್ನು ಒಪ್ಪುತ್ತಿರಲಿಲ್ಲ.

ಅವರು ನಿತ್ಯ ಪ್ರಾರ್ಥಿಸಲು ಎಂಟು ಮಂದಿಯನ್ನು ಆರಿಸಿಕೊಂಡಿದ್ದರು. ಜಗದ್ಗುರುಗಳು, ಚಕ್ರವರ್ತಿ, ಫ್ರಾನ್ಸಿನ ದೊರೆ, ಇಂಗ್ಲೆಂಡಿನ ದೊರೆ, ತುರ್ಕರ ಸುಲ್ತಾನ, ಮಾರ್ಟಿನ್ ಲೂಥರ್, ಅವರ ಪಕ್ಷದ ಬುಟ್ಸರ್ ಮತ್ತು ಮೆಲಾಂಕ್‌ತೋನ್. ರೋಮಿನೊಡನೆ ಸಂಬಂಧ ಕಡಿದುಕೊಂಡ ಎಂಟನೆಯ ಹೆನ್ರಿ ಆ ಇಂಗ್ಲೆಂಡಿನ ದೊರೆ. ಸುಲೇಮಾನನ ಸೇನೆಗೆ ಯೂರೋಪು ನಡುಗುತ್ತಿತ್ತು. ಅನೇಕರು ಬೈದು ತೀರ್ಪು ಕೊಡುತ್ತಿದ್ದ ಈ ಹೆಸರುಗಳನ್ನೇ ಹಿಡಿದು, ಅವರ ದೋಷಗಳನ್ನು ಎಣಿಸದೆ ಅವರಿಗಾಗಿ ಬೇಡಿಕೊಂಡರು. ಮರಣದ ವರ್ಷವಾದ 1546ರಲ್ಲಿ ಸಂಗಡಿಗರಾದ ಲೈನೆಸ್ ಅವರಿಗೆ ಬರೆದ ಪತ್ರದಲ್ಲಿ, ಬೇರೆ ದಾರಿ ಹಿಡಿದವರಿಗೆ ನೆರವಾಗಬಯಸುವವನು ಮೊದಲು ಅವರನ್ನು ನಿಜವಾಗಿ ಪ್ರೀತಿಸಬೇಕು, ವಾದಕ್ಕಿಳಿಯದೆ ಇಬ್ಬರಿಗೂ ಸಮ್ಮತವಾದ ಸಂಗತಿಗಳಿಂದ ಮಾತು ತೊಡಗಬೇಕು ಎಂಬ ಅರ್ಥದ ಸಲಹೆಯನ್ನಿತ್ತರು. ಆ ಶತಮಾನದ ಉಭಯ ಪಕ್ಷಗಳೂ ಈ ಮಾತಿಗೆ ಕಿವಿಗೊಟ್ಟಿದ್ದರೆ ಎಷ್ಟು ರಕ್ತ ಉಳಿಯುತ್ತಿತ್ತೋ!

ವಾದದಲ್ಲಿ ಗೆದ್ದವರೆಂಬ ಖ್ಯಾತಿ ಅವರಿಗೆ ಬರಲಿಲ್ಲ. ಪಾಪನಿವೇದನೆ ಕೇಳುವುದು, ಧ್ಯಾನಸಾಧನೆ ನಡೆಸುವುದು, ಒಬ್ಬೊಬ್ಬರೊಡನೆಯೂ ಕುಳಿತು ಮಾತನಾಡುವುದು, ಇವೇ ಅವರ ಕೆಲಸ. 1543ರಲ್ಲಿ ಮೈಂಟ್ಸ್ ನಗರಕ್ಕೆ ಅವರನ್ನು ಹುಡುಕಿಕೊಂಡು ಬಂದ ತರುಣ ಪೀಟರ್ ಕನೀಸಿಯಸ್ ಅವರ ಬಳಿ ಧ್ಯಾನಸಾಧನೆ ಮಾಡಿ, ತಮ್ಮ ಹುಟ್ಟುಹಬ್ಬವಾದ ಮೇ 8ರಂದು ಯೇಸುಸಭೆಯನ್ನು ಸೇರಿದರು. ಜರ್ಮನಿಯಲ್ಲಿ ಕಥೋಲಿಕ ವಿಶ್ವಾಸ ಮತ್ತೆ ಚಿಗುರಲು ಅವರ ಧರ್ಮೋಪದೇಶದ ಪುಸ್ತಕಗಳು ಕಾರಣವಾದವು. 1925ರಲ್ಲಿ ಅವರಿಗೆ ಸಂತ ಪದವಿಯೂ ಧರ್ಮಸಭೆಯ ಪಂಡಿತರೆಂಬ ಬಿರುದೂ ಒಟ್ಟಿಗೆ ಸಂದವು.

1546ರಲ್ಲಿ ಜಗದ್ಗುರು ಮೂರನೆಯ ಪೌಲರು ಫೇಬರರನ್ನು ಟ್ರೆಂಟ್ ಮಹಾಸಭೆಗೆ ಕರೆಸಿದರು. ಸ್ಪೇನಿನಿಂದ ಹೊರಟು ಜುಲೈ ತಿಂಗಳ ಬಿಸಿಲಿನಲ್ಲಿ ರೋಮನ್ನು ಮುಟ್ಟಿದರು. ಇಗ್ನೇಷಿಯಸರನ್ನು ಏಳು ವರ್ಷಗಳ ಮೇಲೆ ಕಂಡರು. ಟ್ರೆಂಟಿಗೆ ಹೋಗಲಾಗಲಿಲ್ಲ, ಜ್ವರ ಏರಿ, ಆಗಸ್ಟ್ 1ರಂದು, ನಲವತ್ತನೆಯ ವಯಸ್ಸಿನಲ್ಲಿ ಪ್ರಭುವಿನಡಿ ಸೇರಿದರು. ಸಂತ ಮರಿಯಮ್ಮನವರ ಒಂದು ಸಣ್ಣ ದೇವಾಲಯದಲ್ಲಿ ಮಣ್ಣುಮಾಡಿದರು. ಆ ದೇವಾಲಯವನ್ನು ಕೆಡವಿ ಅಲ್ಲಿ ಜೆಸು ಮಹಾದೇವಾಲಯವನ್ನು ಕಟ್ಟಿದಾಗ ಅವರ ಎಲುಬುಗಳು ಇತರರ ಎಲುಬುಗಳೊಡನೆ ಬೆರೆತುಹೋದವು. ಗೆಳೆಯ ಕ್ಸೇವಿಯರರ ದೇಹವನ್ನು ಕಾಣಲು ಗೋವೆಯಲ್ಲಿ ಲಕ್ಷೋಪಲಕ್ಷ ಜನ ಸಾಲುಗಟ್ಟುತ್ತಾರೆ. ಫೇಬರರಿಗೆ ಗುರುತಿಸಬಹುದಾದ ಸಮಾಧಿಯೇ ಇಲ್ಲ.

ಆದರೂ ಫೇಬರರ ಹೆಸರು ನಮ್ಮ ಕಡಲಿಗೂ ಬಂದಿತು. 1540ರಲ್ಲಿ ಕ್ಸೇವಿಯರ್ ರೋಮಿನಿಂದ ಹೊರಟ ಮೇಲೆ ಗೆಳೆಯರಿಬ್ಬರೂ ಮತ್ತೆ ಕಾಣಲಿಲ್ಲ. ಪತ್ರಗಳಿಂದ ಸಂಗಡಿಗರ ಸಹಿಗಳನ್ನು ಕತ್ತರಿಸಿಕೊಂಡು ಕ್ಸೇವಿಯರ್ ತಮ್ಮ ಮೈಮೇಲೆ ಧರಿಸುತ್ತಿದ್ದರೆಂಬುದು ಅವರ ಪತ್ರದಿಂದಲೇ ತಿಳಿಯುತ್ತದೆ. 1548ರ ಜನವರಿಯಲ್ಲಿ ಮಲಾಕ್ಕದಿಂದ ಕೊಚ್ಚಿಗೆ ಬರುವ ಹಡಗು ಭೀಕರ ಬಿರುಗಾಳಿಗೆ ಸಿಕ್ಕಿತು. ಮೂರು ಹಗಲು ಮೂರು ರಾತ್ರಿ. ಸರಕನ್ನು ಸಮುದ್ರಕ್ಕೆಸೆದರು. ಆ ಹೊತ್ತಿನಲ್ಲಿ ಕ್ಸೇವಿಯರ್ ಯಾರ ಯಾರನ್ನು ನೆನೆದರೆಂದು ಕೊಚ್ಚಿಯಿಂದ ಆ ತಿಂಗಳ 20ರಂದು ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಭೂಮಿಯ ಮೇಲಿನ ಸಂಗಡಿಗರ ಪ್ರಾರ್ಥನೆಗೆ ತಮ್ಮನ್ನು ಒಪ್ಪಿಸಿಕೊಂಡರು. ಅಗಲಿದ ಫೇಬರರ ಆತ್ಮವನ್ನು ನೆನೆದರು. ಒಂಬತ್ತು ಗಣಗಳ ದೂತರನ್ನು ಸಾಲಾಗಿ ಕೂಗಿದರು. ಫೇಬರ್ ತೀರಿಕೊಂಡು ಒಂದೂವರೆ ವರ್ಷವೂ ತುಂಬಿರಲಿಲ್ಲ. ಧರ್ಮಸಭೆ ಅವರನ್ನು ಸಂತರೆಂದು ಸಾರುವ ಎಷ್ಟೋ ಮೊದಲೇ ಗೆಳೆಯ ಅವರನ್ನು ದೂತರ ಸಾಲಿನ ಪಕ್ಕದಲ್ಲಿ ನಿಲ್ಲಿಸಿದ್ದರು.

ನಮ್ಮ ನಾಡಿನಲ್ಲಿಯೂ ದೂತರನ್ನು ನಂಬಿ ನಡೆದವರಿಲ್ಲದಿಲ್ಲ. 1681ರಿಂದ 1684ರವರೆಗೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದ ಕರಾವಳಿಯಲ್ಲಿ ಮಂಗಳೂರು, ಬಸರೂರು, ಗಂಗೊಳ್ಳಿಗಳ ಕಡೆ ಬರಿಗಾಲಿನಲ್ಲಿ ತಿರುಗಿ, ಗುರುಗಳಿಲ್ಲದೆ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದ ಸಂತ ಜೋಸೆಫ್ ವಾಜರು, ಅದಕ್ಕೆ ಮೊದಲು 1677ರ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟ ಪತ್ರದಲ್ಲಿ ಮನುಷ್ಯರಿಗಿಂತ ಮುಂಚೆ ದೂತರಿಗೆ ಆ ಸಂಗತಿಯನ್ನು ಅರುಹಿದರು. ಮಂಗಳೂರಿನಲ್ಲಿ ಕಾವಲು ದೂತರಿಗೇ ಅರ್ಪಿತವಾದ ಧರ್ಮಕೇಂದ್ರವೊಂದು ಏಂಜಲೋರ್ ಎಂಬ ಹೆಸರಿನಿಂದ ಇದೆ.

ಫೇಬರರನ್ನು 1872ರ ಸೆಪ್ಟೆಂಬರ್ 5ರಂದು ಜಗದ್ಗುರು ಒಂಬತ್ತನೆಯ ಪಿಯುಸರು ಧನ್ಯರೆಂದು ಅಂಗೀಕರಿಸಿದರು. 2013ರ ಡಿಸೆಂಬರ್ 17ರಂದು, ಯೇಸುಸಭೆಯವರೇ ಆದ ಜಗದ್ಗುರು ಫ್ರಾನ್ಸಿಸರು, ಹೊಸ ಪವಾಡದ ವಿಚಾರಣೆಯಿಲ್ಲದೆ, ಜನರ ದೀರ್ಘಕಾಲದ ಭಕ್ತಿಯನ್ನೇ ಸಾಕ್ಷಿಯಾಗಿ ಹಿಡಿದು ಅವರನ್ನು ಸಂತರ ಪಟ್ಟಿಗೆ ಸೇರಿಸಿದರು.

ಆ ಭಕ್ತಿ ಮೊದಲು ಉಳಿದುಕೊಂಡದ್ದು ದೊಡ್ಡ ಊರುಗಳಲ್ಲಲ್ಲ, ಅವರು ಕುರಿ ಕಾದ ಬೆಟ್ಟದಲ್ಲಿ. ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ದೆ ಸಾಲ್ ಅವರು 1607ರಲ್ಲಿ ವಿಲ್ಲಾರೆಗೆ ಬಂದು, ಫೇಬರ್ ಹುಟ್ಟಿದ ಎಡೆಯಲ್ಲಿ ಒಂದು ಬಲಿಪೀಠವನ್ನು ಪವಿತ್ರೀಕರಿಸಿದರು. ಎರಡು ವರ್ಷಗಳ ಮೇಲೆ ಪ್ರಕಟವಾದ ತಮ್ಮ ಭಕ್ತಿಜೀವನದ ಪುಸ್ತಕದಲ್ಲಿ ಅವರು ಆ ಸೀಮೆಯ ಒಬ್ಬ ಮುದುಕಿಯ ಮಾತನ್ನು ನೆನೆಯುತ್ತಾರೆ. ಫೇಬರ್ ಜರ್ಮನಿಯಿಂದ ಹಿಂದಿರುಗುತ್ತ ತವರಿನ ಮೂಲಕ ಹಾದುಹೋದಾಗ, ಪ್ರತಿಯೊಂದು ಧರ್ಮಕೇಂದ್ರವನ್ನು ಸಮೀಪಿಸುವಾಗಲೂ ಅದರ ದೂತರಿಗೆ ವಂದಿಸಿ ಎಷ್ಟು ನೆರವನ್ನೂ ನೆಮ್ಮದಿಯನ್ನೂ ಪಡೆದೆನೆಂದು ಹೇಳಿದ್ದನ್ನು ಆಕೆ ಎಳೆಯ ವಯಸ್ಸಿನಲ್ಲಿ ಅವರ ಬಾಯಿಂದಲೇ ಕೇಳಿದ್ದಳು. ಅರವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದರೂ ಮರೆತಿರಲಿಲ್ಲ. ಧರ್ಮಾಧ್ಯಕ್ಷರು ಆಕೆಯ ಹೆಸರನ್ನು ಬರೆಯಲಿಲ್ಲ.